ತಪ್ಪು, ಶಿಕ್ಷೆ ಮತ್ತು ಪರಿಹಾರ

ನಮ್ಮ ಮಕ್ಕಳು ಹಿಂದಿ ತರಗತಿಯಲ್ಲಿ ‘ಶಿಕ್ಷಾ’ ಎಂದರೆ ವಿದ್ಯೆ ಎಂದು ಕಲಿತು ಬರುತ್ತಾರೆ. ಕನ್ನಡದಲ್ಲಿ ಶಿಕ್ಷೆ, ಮಲಯಾಳದಲ್ಲಿ ಶಿಕ್ಷ ಎಂದೊಡನೆ ಅವರ ಮುಖ ಬಾಡುತ್ತದೆ. ಸಂಸ್ಕೃತ ಮೂಲದಲ್ಲಿ ಶಬ್ದ ಒಂದೇ. ಕಲಿಕೆ ಎಂದೇ ಅದರ ಅರ್ಥ. ಈ ಎರಡು ಅರ್ಥಗಳೂ ಒಂದೆಡೆ ಕೂಡಿದ ಪ್ರಸಂಗವೊಂದು ಕೆನಡಾ ದೇಶದಲ್ಲಿ ನಡೆದಿದೆ.

ಅಲ್ಲಿನ ಒಂಟಾರಿಯೊ ಪ್ರಾಂತ್ಯದಲ್ಲಿ ಎಲ್ಮೈರಾ ಎಂಬ ಸಣ್ಣ ಊರು. 1974ರ ಮೇ ತಿಂಗಳ ಒಂದು ರಾತ್ರಿ ಇಬ್ಬರು ತರುಣರು ಕುಡಿದ ಅಮಲಿನಲ್ಲಿ ಬೀದಿಗಿಳಿದರು. ಒಬ್ಬನಿಗೆ 18, ಇನ್ನೊಬ್ಬನಿಗೆ 19. ಕಿಟಕಿಗಳ ಗಾಜು ಒಡೆದರು, ವಾಹನಗಳ ಟಯರು ಸೀಳಿದರು, ದೋಣಿಯೊಂದನ್ನು ಕೆಡಿಸಿದರು; ಇಗರ್ಜಿಯನ್ನೂ ಬಿಡಲಿಲ್ಲ. ಬೆಳಗಾಗುವಾಗ 22 ಕಡೆ ಹಾನಿಯಾಗಿತ್ತು. 18ರ ಹುಡುಗ ರಸ್ ಕೆಲ್ಲಿ. ತಂದೆ ಎಳವೆಯಲ್ಲೇ ತೀರಿಹೋಗಿದ್ದರು, 15ನೆಯ ವಯಸ್ಸಿನಲ್ಲಿ ತಾಯಿಯೂ ಇಲ್ಲವಾದರು. ಇದು ಅವನ ತಪ್ಪಿಗೆ ಸಮರ್ಥನೆಯಲ್ಲ. ಆದರೆ ಇದನ್ನು ಬಿಟ್ಟು ಕಥೆ ಹೇಳುವುದೂ ಸರಿಯಲ್ಲ.

ಇಬ್ಬರೂ ತಪ್ಪನ್ನು ಒಪ್ಪಿಕೊಂಡರು. ಪರಿವೀಕ್ಷಣಾಧಿಕಾರಿ ಮಾರ್ಕ್ ಯಾಂಟ್ಸಿ ಹಾಗೂ ಅವರ ಸಂಗಡಿಗ ಡೇವ್ ವರ್ಥ್ ನ್ಯಾಯಾಧೀಶರ ಮುಂದೆ ಹೊಸದೊಂದು ಸಲಹೆಯಿಟ್ಟರು: ಹುಡುಗರು ನಷ್ಟಹೊಂದಿದವರನ್ನು ಮುಖತಃ ಕಾಣಲಿ. ಕಾನೂನಿನಲ್ಲಿ ಅಂಥ ರೂಢಿಯಿರಲಿಲ್ಲ. ಮೊದಲು ಹಿಂಜರಿದ ನ್ಯಾಯಾಧೀಶ ಗೋರ್ಡನ್ ಮೆಕಾನೆಲ್ ಕೊನೆಗೆ ಒಪ್ಪಿ, ಅದಕ್ಕಾಗಿ ಒಂದು ತಿಂಗಳ ಅವಧಿ ಕೊಟ್ಟರು.

ವಿದ್ಯಾರ್ಥಿಗಳೇ, ಆ ಬಾಗಿಲುಗಳ ಮುಂದೆ ನಿಮ್ಮನ್ನೇ ನಿಲ್ಲಿಸಿಕೊಂಡು ನೋಡಿ. ಅಧಿಕಾರಿಗಳು ಪುಸ್ತಕ ಪೆನ್ಸಿಲು ಹಿಡಿದು ಪಕ್ಕದಲ್ಲಿ ಸುಮ್ಮನೆ ನಿಂತಿದ್ದಾರೆ. ಬಾಗಿಲು ತಟ್ಟುವವನು ನೀವು, ‘ಅದು ನಾನೇ’ ಎನ್ನಬೇಕಾದವನೂ ನೀವೇ. ಕೆಲವರು ಸಿಟ್ಟಾದರು, ಕೆಲವರು ಕ್ಷಮಿಸಿದರು. ತನ್ನ ಬಾಳಿನ ಅತಿ ಕಷ್ಟದ ಕೆಲಸಗಳಲ್ಲಿ ಅದೊಂದು ಎಂದು ಕೆಲ್ಲಿ ಮುಂದೆ ಹೇಳಿಕೊಂಡಿದ್ದಾರೆ. ಆಮೇಲೆ ದಂಡ, ಪರಿವೀಕ್ಷಣೆ ಇವೂ ಆದವು. ಕೆಲವು ತಿಂಗಳಲ್ಲಿ ಇಬ್ಬರೂ ಅದೇ ಮನೆಗಳಿಗೆ ಮತ್ತೆ ಹೋಗಿ ನಷ್ಟದ ಹಣ ಕೊಟ್ಟು ಬಂದರು.

ಇಲ್ಲಿ ಉಪಾಧ್ಯಾಯರಾದ ನಮ್ಮದೂ ಒಂದು ಮಾತು. ಶಾಲೆಯಲ್ಲಿ ಗಾಜೊಡೆದರೆ ನಾವು ತಂದೆಯನ್ನು ಕರೆಸುತ್ತೇವೆ. ಅವರು ಅರ್ಧ ದಿನದ ಕೂಲಿ ಬಿಟ್ಟು ಬಂದು, ಹಣ ಕಟ್ಟಿ, ತಲೆ ತಗ್ಗಿಸಿ ಹೋಗುತ್ತಾರೆ. ಗಾಜಿನ ಚೂರು ಗುಡಿಸಿದವರ ಮುಖವನ್ನು ಹುಡುಗ ನೋಡಿರುವುದೇ ಇಲ್ಲ. ಈ ಲೆಕ್ಕ ನಮಗೆ ಸರಿಕಾಣದು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ 18 ತುಂಬದವರಿಗೆ ಆಪ್ತಸಲಹೆ, ಸಮುದಾಯ ಸೇವೆಗಳಂಥ ದಾರಿಗಳನ್ನು ತೆರೆದಿಟ್ಟಿದೆ.

ಎಲ್ಮೈರಾದ ಪ್ರಯೋಗದಿಂದಲೇ ಪಕ್ಕದ ಕಿಚನರ್ ನಗರದಲ್ಲಿ ಅಪರಾಧಿಯನ್ನೂ ನೊಂದವರನ್ನೂ ಮುಖಾಮುಖಿ ಕೂರಿಸುವ ಕಾರ್ಯಕ್ರಮ ಬೆಳೆಯಿತು, ಅನ್ಯದೇಶಗಳಿಗೂ ಹಬ್ಬಿತು. ಕೆಲ್ಲಿಗೆ ಇದಾವುದೂ ತಿಳಿದಿರಲಿಲ್ಲ. ಅನೇಕ ವರ್ಷಗಳ ಮೇಲೆ, ನಡುವಯಸ್ಸಿನಲ್ಲಿ ಕಾಲೇಜು ಸೇರಿದ್ದಾಗ, ತರಗತಿಗೆ ಬಂದ ಅತಿಥಿಯೊಬ್ಬರು ‘ಎಲ್ಮೈರಾ ಪ್ರಕರಣ’ವನ್ನು ವಿವರಿಸತೊಡಗಿದರು. ಕೇಳುತ್ತ ಕುಳಿತವರಿಗೆ ಅದು ತಮ್ಮದೇ ಕಥೆಯೆಂದು ಹೊಳೆಯಿತು. ಪಾಠ ಮುಗಿದ ಮೇಲೆ ಆ ಅತಿಥಿಯ ಬಳಿಗೆ ಹೋಗಿ, ಆ ಇಬ್ಬರಲ್ಲಿ ಒಬ್ಬ ತಾನೇ ಎಂದರು. ಮುಂದೆ ಕಿಚನರ್‌ನ ಅದೇ ಕೆಲಸಕ್ಕೆ ಸ್ವಯಂಸೇವಕರಾಗಿ ಸೇರಿದರು.