ಓಟಗಾರ್ತಿ ಬೆಟ್ಟಿ ರಾಬಿನ್ಸನ್

ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಅರಿಯತಕ್ಕ ಚರಿತ್ರೆಯೊಂದನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಬೆಟ್ಟಿ ರಾಬಿನ್ಸನಳು 1911ರಲ್ಲಿ ಅಮೇರಿಕಾದ ಶಿಕಾಗೋ ಪಟ್ಟಣದ ಸಮೀಪದಲ್ಲಿರುವ ರಿವರ್‌ಡೇಲಿನಲ್ಲಿ ಹುಟ್ಟಿದಳು. ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಒಂದು ದಿನ, ಹೊರಡಲಿದ್ದ ರೈಲುಗಾಡಿಯನ್ನು ಹಿಡಿಯುವುದಕ್ಕಾಗಿ ಓಡಿಬಂದಳು. ಅದೇ ಶಾಲೆಯ ಜೀವಶಾಸ್ತ್ರದ ಉಪಾಧ್ಯಾಯರಾದ ಚಾರ್ಲ್ಸ್ ಪ್ರೈಸರು ಇದನ್ನು ಕಂಡರು. ರೈಲಿಗೆ ಓಡಿಬರುವ ಹುಡುಗಿಯನ್ನು ಕಂಡರೆ ನಮ್ಮಂತಹ ಉಪಾಧ್ಯಾಯರು ಗದರಿಸುವುದೇ ಹೆಚ್ಚು. ಅವರಾದರೋ ಅವಳನ್ನು ಶಾಲೆಯ ಮೊಗಸಾಲೆಯಲ್ಲಿ ಓಡಿಸಿ, ಗಡಿಯಾರ ಹಿಡಿದು ನೋಡಿದರು. ಅಲ್ಲಿ ಹುಡುಗಿಯರ ಓಟದ ತಂಡವಿರಲಿಲ್ಲವಾದುದರಿಂದ ಆಕೆಯು ಹುಡುಗರೊಡನೆ ಅಭ್ಯಾಸಮಾಡಿದಳು.

ಇದಾದ ಕೆಲವೇ ತಿಂಗಳುಗಳಲ್ಲಿ, 1928ರ ಜುಲೈ 31ರಂದು, ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಪಂದ್ಯದಲ್ಲಿ 100 ಮೀಟರುಗಳನ್ನು 12.2 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕವನ್ನು ಪಡೆದಳು. ಆಗ ಆಕೆಗೆ 16 ವಯಸ್ಸು. ಸ್ತ್ರೀಯರಿಗೆ ಒಲಿಂಪಿಕ್ ಓಟದಲ್ಲಿ ಪ್ರವೇಶ ದೊರೆತದ್ದೂ ಆ ವರ್ಷವೇ. ಅದೇ ಪಂದ್ಯದ 800 ಮೀಟರ್ ಓಟದಲ್ಲಿ ಹೆಂಗಸರು ಕುಸಿದುಬಿದ್ದರೆಂದು ಪತ್ರಿಕೆಗಳು ಹುಯಿಲೆಬ್ಬಿಸಿದವು. ಅಂತಿಮ ಸುತ್ತಿನ ಒಂಬತ್ತು ಮಂದಿಯೂ ಗುರಿಮುಟ್ಟಿದ್ದುದನ್ನು ಗಣಿಸಿದವರಾರು? 1960ರವರೆಗೆ ಒಲಿಂಪಿಕ್ಕಿನಲ್ಲಿ 200 ಮೀಟರಿಗಿಂತ ದೀರ್ಘವಾದ ಓಟವು ಸ್ತ್ರೀಯರಿಗೆ ದೊರೆಯಲಿಲ್ಲ.

1931ರ ಜೂನಿನಲ್ಲಿ ಆಕೆ ಕುಳಿತಿದ್ದ ಚಿಕ್ಕ ವಿಮಾನವು ನೆಲಕ್ಕೆ ಬಿದ್ದಿತು. ಕಾಲೂ ಕೈಯೂ ಮುರಿದು, ತಲೆಗೂ ಏಟಾಯಿತು. ಬಹುಕಾಲ ಗಾಲಿಕುರ್ಚಿಯಲ್ಲಿದ್ದು, ಮತ್ತೆ ನಡೆಯುವುದನ್ನು ಕಲಿಯಬೇಕಾಯಿತು. ಸ್ವದೇಶದಲ್ಲಿಯೇ ನಡೆದ 1932ರ ಒಲಿಂಪಿಕ್ ಕೈತಪ್ಪಿತು.

ಗಾಯವು ಮಾಗಿದರೂ ಮೊಣಕಾಲು ಪೂರ್ತಿಯಾಗಿ ಬಾಗಲೊಲ್ಲದು. 100 ಮೀಟರಿನ ಓಟಗಾರರು ನೆಲಕ್ಕೆ ಕೈಯೂರಿ, ಮೊಣಕಾಲು ಮಡಿಸಿ, ನೆಲದಲ್ಲಿ ತೋಡಿದ ಕುಳಿಗೆ ಕಾಲನ್ನೊತ್ತಿ ಚಿಮ್ಮುತ್ತಿದ್ದರು. ಈಕೆಗೆ ಅದು ಸಾಧ್ಯವಾಗದಾಯಿತು. ಆದರೆ ನಾಲ್ವರು ಒಬ್ಬರಿಂದೊಬ್ಬರಿಗೆ ಕೋಲನ್ನು ದಾಟಿಸುವ ರಿಲೇ ಓಟದಲ್ಲಿ ಬಾಗಬೇಕಾದವಳು ಮೊದಲಿನವಳು ಮಾತ್ರ. ಉಳಿದವರು ನಿಂತೇ ಹೊರಡುವರು. ಆ ಮೂವರಲ್ಲೊಬ್ಬಳಾಗಲು ಆಕೆ ಅಭ್ಯಾಸಮಾಡಿದಳು.

1936ರ ಬರ್ಲಿನ್ ಪಂದ್ಯದಲ್ಲಿ ಆಕೆಯದು ಮೂರನೆಯ ಸರದಿ. ಜರ್ಮನಿಯ ತಂಡವು ಬಹಳ ಮುಂದಿತ್ತು. ಕೊನೆಯ ಸರದಿಯಲ್ಲಿ ಅವರ ಕೋಲು ಕೆಳಗೆ ಬಿದ್ದಿತು. ರಾಬಿನ್ಸನಳು ತನ್ನ ಕೋಲನ್ನು ಹೆಲೆನ್ ಸ್ಟೀಫನ್ಸಳ ಕೈಗೆ ತಪ್ಪದೆ ಮುಟ್ಟಿಸಿದಳು; ಅಮೇರಿಕದವರು 46.9 ಸೆಕೆಂಡುಗಳಲ್ಲಿ ಗೆದ್ದರು. ಇದು ಅದೃಷ್ಟವೆಂದು ಹೇಳುವವರುಂಟು. ಅದೃಷ್ಟದ ಪಾಲಿದ್ದುದು ನಿಜವೇ. ಅಲ್ಲಿಗೆ ಬಂದು ನಿಂತದ್ದು ಮಾತ್ರ ಅದೃಷ್ಟದಿಂದಲ್ಲವೆಂದು ನಮ್ಮ ಮತ.

ಆಕೆಯು 1999ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡಳು.