ಸಾಕುಮೊಲದ ಸಂತಾನಹರಣ ಚಿಕಿತ್ಸೆ: ಮುಂಚಿನ ಮತ್ತು ನಂತರದ ಆರೈಕೆ

ಮೊಲ ಸಾಕಣೆ ಎಂದೊಡನೆ ಮಾಂಸ ಅಥವಾ ತುಪ್ಪಟಕ್ಕಾಗಿ ಸಾಕುವ ಮೊಲಗಳೇ ನೆನಪಿಗೆ ಬರುತ್ತವೆ. ಆದರೆ ಅನೇಕ ಮನೆಗಳಲ್ಲಿ ಮಕ್ಕಳ ಪ್ರೀತಿಗಾಗಿ ಒಂದೆರಡು ಮೊಲಗಳನ್ನು ಸಾಕುವುದುಂಟು. ಇಂತಹ ಮನೆಗಳಲ್ಲಿ ಕೆಲವೇ ತಿಂಗಳುಗಳಲ್ಲಿ ತೊಂದರೆ ಪ್ರಾರಂಭವಾಗುತ್ತದೆ. ಜೋಡಿ ಮೊಲಗಳು ಮರಿ ಹಾಕುತ್ತಲೇ ಹೋಗುತ್ತವೆ. ಗಂಡುಗಳೆರಡು ಸೇರಿದರೆ ರಕ್ತ ಬರುವಂತೆ ಕಾದಾಡುತ್ತವೆ. ಇದಕ್ಕೆ ಸರಿಯಾದ ಪರಿಹಾರವೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆ ಪಶುವೈದ್ಯರ ಕೆಲಸ. ಆದರೆ ಮೊಲ ಬದುಕುಳಿಯುವುದು ಬಹುಮಟ್ಟಿಗೆ ಮನೆಯವರ ಆರೈಕೆಯನ್ನು ಅವಲಂಬಿಸಿದೆ. ಆ ಆರೈಕೆಯ ವಿವರಗಳನ್ನು ಈ ಲೇಖನದಲ್ಲಿ ಕೊಡಲಾಗಿದೆ.

ಚಿಕಿತ್ಸೆ ಏಕೆ?

ಹಸು, ಎಮ್ಮೆಗಳಿಗಿರುವಂತೆ ಹೆಣ್ಣು ಮೊಲಕ್ಕೆ ನಿಗದಿಯಾದ ಬೆದೆಯ ಚಕ್ರವಿಲ್ಲ. ಗಂಡಿನೊಡನೆ ಕೂಡಿದ ಸುಮಾರು 10 ಗಂಟೆಗಳ ನಂತರ ಅಂಡಗಳು ಬಿಡುಗಡೆಯಾಗುತ್ತವೆ. ಗರ್ಭಾವಧಿ ಸುಮಾರು 31 ದಿನಗಳು. ಮರಿ ಹಾಕಿದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಒಂದು ಸೂಲಿಗೆ 6 ರಿಂದ 8 ಮರಿಗಳೆಂದು ಲೆಕ್ಕ ಹಾಕಿದರೂ ಒಂದು ಜೋಡಿಯಿಂದ ವರ್ಷದಲ್ಲಿ ಎಷ್ಟು ಮೊಲಗಳಾಗುತ್ತವೆ ಎಂಬುದನ್ನು ಓದುಗರೇ ಊಹಿಸಬಹುದು.

ಹೆಣ್ಣು ಮೊಲಕ್ಕೆ ಇನ್ನೊಂದು ಮುಖ್ಯ ಲಾಭವಿದೆ. ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಸಿದರೆ ಈ ಭಯವಿರುವುದಿಲ್ಲ. ಸುಳ್ಳು ಗರ್ಭ ಕಟ್ಟಿ ಎದೆಯ ಕೂದಲು ಕಿತ್ತು ಗೂಡು ಮಾಡುವ ಕಾಟವೂ ತಪ್ಪುತ್ತದೆ. ಗಂಡು ಮೊಲಗಳಲ್ಲಿ ಮೂತ್ರ ಸಿಂಪಡಿಸುವ ಚಟ ಮತ್ತು ಕಾದಾಟ ಕಡಿಮೆಯಾಗುತ್ತವೆ.

ಮಾಂಸಕ್ಕಾಗಿ ಅಥವಾ ತಳಿ ಅಭಿವೃದ್ಧಿಗಾಗಿ ಸಾಕುವ ಮೊಲಗಳಿಗೆ ಈ ಚಿಕಿತ್ಸೆಯ ಅಗತ್ಯವಿಲ್ಲ. ಹೊಲದಲ್ಲಿ ಓಡಾಡುವ ಕಾಡುಮೊಲಕ್ಕೂ ಇಲ್ಲಿ ಹೇಳುವ ಸಾಕುಮೊಲಕ್ಕೂ ಜಾತಿಯೇ ಬೇರೆ. ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಯಾವ ವಯಸ್ಸಿನಲ್ಲಿ?

ಗಂಡು ಮೊಲದ ಬೀಜಗಳು ಸುಮಾರು 10 ರಿಂದ 12 ವಾರಗಳಲ್ಲಿ ಕೆಳಗಿಳಿಯುತ್ತವೆ. ಆದ್ದರಿಂದ ಗಂಡಿಗೆ ನಾಲ್ಕು ತಿಂಗಳ ಸುಮಾರಿಗೆ, ಹೆಣ್ಣಿಗೆ ಐದು-ಆರು ತಿಂಗಳ ಸುಮಾರಿಗೆ ಚಿಕಿತ್ಸೆ ಮಾಡಿಸುವುದು ವಾಡಿಕೆ. ದೊಡ್ಡ ಗಾತ್ರದ ತಳಿಗಳಿಗೆ ಇನ್ನೂ ಸ್ವಲ್ಪ ತಡವಾಗಬಹುದು.

ಹೋರಿಗಳಿಗೆ ಮಾಡುವಂತೆ ಇಕ್ಕಳದಿಂದ ಬೀಜ ಒಡೆಸುವ ಪದ್ಧತಿಯನ್ನು ಮೊಲಕ್ಕೆ ಎಂದೂ ಅನುಸರಿಸಕೂಡದು. ಮೊಲದಲ್ಲಿ ಬೀಜವು ಹೊಟ್ಟೆಯೊಳಕ್ಕೆ ಹೋಗಿ ಬರುವ ದಾರಿ ಜೀವಮಾನವಿಡೀ ತೆರೆದೇ ಇರುತ್ತದೆ. ಬೀಜ ತೆಗೆದ ಮೇಲೆ ಈ ದಾರಿಯನ್ನು ಮುಚ್ಚದಿದ್ದರೆ ಕರುಳು ಹೊರಕ್ಕೆ ಜಾರುವ ಅಪಾಯವಿದೆ. ಹೀಗಾಗಿ ಇದು ಅರಿವಳಿಕೆ ಕೊಟ್ಟು, ಮೊಲಗಳ ಚಿಕಿತ್ಸೆಯಲ್ಲಿ ಅನುಭವವುಳ್ಳ ವೈದ್ಯರೇ ಮಾಡಬೇಕಾದ ಕೆಲಸ. ನಿಮ್ಮೂರಿನ ಪಶುವೈದ್ಯರು ಮೊಲಗಳಿಗೆ ಈ ಚಿಕಿತ್ಸೆ ಮಾಡುವುದಿಲ್ಲವಾದರೆ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮುಂತಾದ ಕಡೆಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.

ಅಪಾಯ ಎಲ್ಲಿದೆ?

ಬ್ರಿಟನ್ನಿನಲ್ಲಿ ಸಾಕುಪ್ರಾಣಿಗಳ ಅರಿವಳಿಕೆಯ ಬಗ್ಗೆ ನಡೆದ ದೊಡ್ಡ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅರಿವಳಿಕೆಗೆ ಸಂಬಂಧಿಸಿದ ಸಾವು ನಾಯಿಗಳಲ್ಲಿ ಶೇಕಡ 0.17, ಬೆಕ್ಕುಗಳಲ್ಲಿ ಶೇಕಡ 0.24, ಮೊಲಗಳಲ್ಲಿ ಶೇಕಡ 1.39. ಆರೋಗ್ಯವಂತ ಮೊಲಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಇದು ಶೇಕಡ 0.73ಕ್ಕೆ ಇಳಿಯುತ್ತದೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ, ಸತ್ತ ಮೊಲಗಳಲ್ಲಿ ಸುಮಾರು ಮೂರನೇ ಎರಡು ಪಾಲು ಸತ್ತದ್ದು ಚಿಕಿತ್ಸೆ ಮುಗಿದ ಮೇಲೆ. ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಕಾಯಿಲೆಯ ಮೊಲಕ್ಕೆ ಚಿಕಿತ್ಸೆ ಮಾಡಿಸಕೂಡದು. ಎರಡು, ಚಿಕಿತ್ಸೆಯ ನಂತರದ ಒಂದೆರಡು ದಿನಗಳು ಅತಿ ಮುಖ್ಯ.

ಮೊಲದ ಕರುಳಿನ ರಚನೆಯನ್ನು ತಿಳಿದರೆ ಇದರ ಕಾರಣ ಅರ್ಥವಾಗುತ್ತದೆ. ದನದಲ್ಲಿ ಮೇವು ಹುದುಗುವುದು ಹೊಟ್ಟೆಯ ಮೊದಲ ಚೀಲದಲ್ಲಿ. ಮೊಲದಲ್ಲಿ ಹುದುಗುವುದು ಹಿಂಭಾಗದ ಕುರುಡುಗರುಳಿನಲ್ಲಿ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಜೀರ್ಣಿಸುತ್ತವೆ. ಅಲ್ಲಿ ತಯಾರಾದ ಮೆತ್ತನೆಯ ಹಿಕ್ಕೆಯನ್ನು ಮೊಲ ಗುದದ್ವಾರದಿಂದಲೇ ಬಾಯಿ ಹಾಕಿ ತಿನ್ನುತ್ತದೆ. ಇದು ರೋಗವಲ್ಲ, ಅದಕ್ಕೆ ಬೇಕಾದ ಪೋಷಣೆ. ಈ ವ್ಯವಸ್ಥೆ ನಡೆಯಬೇಕಾದರೆ ನಾರಿನ ಆಹಾರ ಬಿಡುವಿಲ್ಲದೆ ಒಳಗೆ ಹೋಗುತ್ತಿರಬೇಕು. ನೋವು, ಹೆದರಿಕೆ ಅಥವಾ ಉಪವಾಸದಿಂದ ಮೊಲ ತಿನ್ನುವುದನ್ನು ನಿಲ್ಲಿಸಿದರೆ ಕರುಳಿನ ಚಲನೆ ನಿಲ್ಲುತ್ತದೆ, ವಾಯು ತುಂಬುತ್ತದೆ, ನೋವು ಇನ್ನೂ ಹೆಚ್ಚುತ್ತದೆ. ಒಂದೆರಡು ದಿನಗಳಲ್ಲೇ ಮೊಲ ಸಾಯಬಹುದು. ಹೀಗೆ ಸತ್ತ ಮೊಲದ ಹೊಲಿಗೆಯನ್ನು ನೋಡಿದರೆ ಅದರಲ್ಲಿ ಯಾವ ದೋಷವೂ ಇರುವುದಿಲ್ಲ.

ಒಂದು ವಾರ ಮುಂಚೆ

1. ವೈದ್ಯರಿಂದ ಮೊಲದ ಪರೀಕ್ಷೆ ಮಾಡಿಸಬೇಕು. ಗಂಡೋ ಹೆಣ್ಣೋ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಎಳೆಯ ಮೊಲಗಳಲ್ಲಿ ಈ ಗೊಂದಲ ಸಾಮಾನ್ಯ. ಹೆಣ್ಣು ಗರ್ಭ ಧರಿಸಿದೆಯೇ ಎಂದು ತಿಳಿಯಬೇಕು.

2. ಸೀನು, ಮೂಗಿನಿಂದ ಲೋಳೆ, ಮುಂಗಾಲಿನ ಒಳಬದಿಯಲ್ಲಿ ಅಂಟಿದ ಕೂದಲು, ಕಿವಿಯ ಕಜ್ಜಿ, ಭೇದಿ ಇವುಗಳಲ್ಲಿ ಯಾವುದಿದ್ದರೂ ಮೊದಲು ಅದನ್ನು ಗುಣಪಡಿಸಿ, ನಂತರ ಚಿಕಿತ್ಸೆಗೆ ದಿನ ಗೊತ್ತುಮಾಡಬೇಕು.

3. ಮೊಲದ ತೂಕವನ್ನು ಬರೆದಿಟ್ಟುಕೊಳ್ಳಬೇಕು. ಅರಿವಳಿಕೆಯ ಪ್ರಮಾಣ ತೂಕವನ್ನು ಅವಲಂಬಿಸಿದೆ. ಚಿಕಿತ್ಸೆಯ ನಂತರ ಮೊಲ ಇಳಿದಿದೆಯೇ ಎಂಬುದೂ ಇದರಿಂದಲೇ ತಿಳಿಯುತ್ತದೆ.

4. ಆಹಾರದಲ್ಲಿ ಯಾವ ಬದಲಾವಣೆಯನ್ನೂ ಮಾಡಕೂಡದು. ಪ್ರತಿದಿನ ಎಷ್ಟು ತಿನ್ನುತ್ತದೆ, ಹಿಕ್ಕೆ ಎಷ್ಟು ಗಾತ್ರದ್ದು, ಎಷ್ಟು ಬೀಳುತ್ತದೆ ಎಂಬುದನ್ನು ಗಮನಿಸಿಟ್ಟುಕೊಂಡರೆ ಮುಂದೆ ಹೋಲಿಸಲು ಅನುಕೂಲ.

5. ಕಡು ಬೇಸಿಗೆಯ ದಿನಗಳನ್ನು ತಪ್ಪಿಸುವುದು ಉತ್ತಮ. ಮೊಲ ಬಿಸಿಲನ್ನು ತಡೆಯಲಾರದು.

ಚಿಕಿತ್ಸೆಯ ದಿನ

ನಾಯಿಗೆ ಚಿಕಿತ್ಸೆ ಮಾಡಿಸುವಾಗ ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ ಎನ್ನುತ್ತಾರೆ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸನಾಳಕ್ಕೆ ಹೋಗಬಾರದೆಂಬುದೇ ಅದರ ಉದ್ದೇಶ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಆದ್ದರಿಂದ ಮೊಲವನ್ನು ರಾತ್ರಿಯಿಡೀ ಉಪವಾಸ ಕೆಡವಕೂಡದು. ಆಸ್ಪತ್ರೆಗೆ ಹೊರಡುವವರೆಗೂ ಹುಲ್ಲು, ನೀರು ಎದುರಿಗಿರಲಿ. ಬಾಯಲ್ಲಿ ಆಹಾರದ ತುಣುಕು ಉಳಿಯದಿರಲೆಂದು ಅರಿವಳಿಕೆಗೆ ಒಂದೆರಡು ಗಂಟೆ ಮುಂಚೆ ಆಹಾರ ತೆಗೆಯುವಂತೆ ವೈದ್ಯರು ಹೇಳಿದರೆ ಅಷ್ಟು ಸಾಕು. ಆಸ್ಪತ್ರೆಯ ಸಿಬ್ಬಂದಿ ನಾಯಿ-ಬೆಕ್ಕುಗಳ ರೂಢಿಯಂತೆ ಉಪವಾಸಕ್ಕೆ ಸೂಚಿಸಿದರೆ, ಇದು ಮೊಲ ಎಂಬುದನ್ನು ತಿಳಿಸಿ ವೈದ್ಯರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಗಾಳಿಯಾಡುವ, ಮುಚ್ಚಳವಿರುವ ಬುಟ್ಟಿಯಲ್ಲಿ ಒಣಹುಲ್ಲು ಹಾಸಿ ಬೆಳಗಿನ ತಂಪಿನಲ್ಲಿ ಒಯ್ಯಬೇಕು. ಗೋಣಿಚೀಲದಲ್ಲಿ ಕಟ್ಟಿ ಒಯ್ಯಕೂಡದು. ಕಿವಿ ಹಿಡಿದು ಎತ್ತಕೂಡದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ಎತ್ತಬೇಕು. ಹಿಂಭಾಗಕ್ಕೆ ಆಸರೆಯಿಲ್ಲದೆ ಜೋರಾಗಿ ಒದ್ದುಕೊಂಡರೆ ಬೆನ್ನುಮೂಳೆ ಮುರಿಯುವುದುಂಟು. ಅದು ದಿನವೂ ತಿನ್ನುವ ಸೊಪ್ಪು ಮತ್ತು ಹುಲ್ಲನ್ನು ಜೊತೆಗೆ ಕೊಂಡೊಯ್ಯುವುದು ಒಳ್ಳೆಯದು. ಎಚ್ಚರವಾದ ಕೂಡಲೇ ಪರಿಚಿತ ಆಹಾರ ಕಂಡರೆ ಬೇಗ ಬಾಯಿ ಹಾಕುತ್ತದೆ. ಹೊರಡುವ ಮುಂಚೆ ನೋವು ನಿವಾರಕ ಔಷಧಿಯನ್ನು ಎಷ್ಟು ದಿನ, ಎಷ್ಟು ಪ್ರಮಾಣದಲ್ಲಿ ಕೊಡಬೇಕೆಂದು ಬರೆಸಿಕೊಳ್ಳಬೇಕು. ರಾತ್ರಿ ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಯನ್ನೂ ಪಡೆದಿರಬೇಕು.

ಮೊದಲ ರಾತ್ರಿ

ಮನೆಯೊಳಗೆ ನಾಯಿ, ಬೆಕ್ಕು ಮತ್ತು ಗದ್ದಲವಿಲ್ಲದ ಮೂಲೆಯಲ್ಲಿ ಮೊಲವನ್ನಿಡಬೇಕು. ಗಾಯಕ್ಕೆ ಅಂಟುವುದರಿಂದ ಮರದ ಹೊಟ್ಟು ಹಾಸಕೂಡದು. ಒಗೆದ ಹಳೆಯ ಬಟ್ಟೆ ಹಾಸಿ, ಪಕ್ಕದಲ್ಲಿ ಒಣಹುಲ್ಲನ್ನಿಡಬೇಕು. ತಂತಿ ತಳದ ಗೂಡಾದರೆ ಮೇಲೆ ಹಲಗೆ ಇಟ್ಟು ಬಟ್ಟೆ ಹಾಕಬೇಕು.

ಮೊಲದ ಸಹಜ ಉಷ್ಣತೆ 38.5 ರಿಂದ 40 ಡಿಗ್ರಿ ಸೆಲ್ಸಿಯಸ್. ಅರಿವಳಿಕೆಯ ನಂತರ ಮೈ ತಣ್ಣಗಾಗುವುದುಂಟು. ಕಿವಿ ಮುಟ್ಟಿದಾಗ ತಣ್ಣಗಿದ್ದರೆ ಬಿಸಿನೀರಿನ ಸೀಸೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಒಂದು ಪಕ್ಕದಲ್ಲಿಡಬೇಕು. ಬೇಡವೆನಿಸಿದಾಗ ಮೊಲ ದೂರ ಸರಿಯಲು ಜಾಗವಿರಲಿ.

ನೀರನ್ನು ಅಗಲ ಬಾಯಿಯ ಭಾರವಾದ ಬಟ್ಟಲಿನಲ್ಲಿಡಬೇಕು. ಗರಿಕೆ, ಕೊತ್ತಂಬರಿ ಸೊಪ್ಪು, ಮೂಲಂಗಿ ಎಲೆ, ಕ್ಯಾರೆಟ್ ಎಲೆ ಇವುಗಳಲ್ಲಿ ಅದಕ್ಕೆ ಅಭ್ಯಾಸವಿರುವುದನ್ನು ಮೂತಿಯ ಹತ್ತಿರ ಹಿಡಿಯಬೇಕು. ಅದೇ ಸಂಜೆ ಸ್ವಲ್ಪವಾದರೂ ತಿಂದು, ಮಾರನೆಯ ಬೆಳಗಿನೊಳಗೆ ಹಿಕ್ಕೆ ಹಾಕಿದರೆ ದೊಡ್ಡ ಗಂಡಾಂತರ ಕಳೆದಂತೆ. ಮೊದಲ ಹಿಕ್ಕೆಗಳು ಚಿಕ್ಕದಾಗಿದ್ದರೂ ಚಿಂತಿಸಬೇಕಾಗಿಲ್ಲ.

ಮೊಲ ನೋವಾದರೆ ಕೂಗುವುದಿಲ್ಲ. ಬೆನ್ನು ಬಾಗಿಸಿ ಮುದುಡಿ ಕೂರುವುದು, ಕಣ್ಣು ಅರೆ ಮುಚ್ಚುವುದು, ಹಲ್ಲು ಕಡಿಯುವುದು, ಹೊಟ್ಟೆಯನ್ನು ನೆಲಕ್ಕೆ ಒತ್ತುವುದು ಇವೇ ನೋವಿನ ಲಕ್ಷಣಗಳು. "ಸುಮ್ಮನೆ ಮಲಗಿದೆ, ಪಾಪ" ಎಂದು ಬಿಡಕೂಡದು.

ತಿನ್ನದಿದ್ದರೆ

ಚಿಕಿತ್ಸೆಯಾಗಿ 12 ಗಂಟೆಗಳಾದರೂ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸಬೇಕು. ಹೊಟ್ಟೆಯುಬ್ಬರವಿಲ್ಲವೆಂದು ಖಚಿತವಾದ ಮೇಲೆ, ಅವರ ಸಲಹೆಯಂತೆ ಬಾಯಿಗೆ ಹಾಕಬೇಕಾಗುತ್ತದೆ. ಮೊಲದ ಪೆಲೆಟ್ ಆಹಾರವನ್ನು ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿಕೊಳ್ಳಬೇಕು. ಮುಂದಿನ ಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಬಿಟ್ಟು, ನುಂಗಿದ ಮೇಲೆ ಮತ್ತೆ ಕೊಡಬೇಕು. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10 ರಿಂದ 15 ಮಿಲಿ ಲೀಟರಿನಂತೆ ದಿನಕ್ಕೆ ನಾಲ್ಕು ಸಲ ಸಾಕು. ಮೊಲವನ್ನು ಅಂಗಾತ ಮಲಗಿಸಿ ಕುಡಿಸಿದರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು, ಬ್ರೆಡ್ಡು, ಬೆಲ್ಲದ ನೀರು, ಗಂಜಿ ಕೊಡಕೂಡದು. ಹಿಟ್ಟು ಮತ್ತು ಸಿಹಿ ಮೊಲದ ಕರುಳನ್ನು ಇನ್ನಷ್ಟು ಕೆಡಿಸುತ್ತವೆ.

ಔಷಧಿಯ ವಿಷಯದಲ್ಲಿ ಎಚ್ಚರಿಕೆ

ಮನೆಯಲ್ಲಿ ಮಿಕ್ಕಿರುವ ಮನುಷ್ಯರ ಅಥವಾ ದನಗಳ ಮಾತ್ರೆಗಳನ್ನು ಕೊಡಕೂಡದು. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೋಮೈಸಿನ್ ಇವುಗಳನ್ನು ಬಾಯಿಯ ಮೂಲಕ ಕೊಟ್ಟರೆ ಕುರುಡುಗರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷಕಾರಿ ಜೀವಿಗಳು ಬೆಳೆದು ಮೊಲ ಭೇದಿಯಿಂದ ಸಾಯುತ್ತದೆ. ವೈದ್ಯರು ಕೊಟ್ಟ ನೋವು ನಿವಾರಕವನ್ನು ಮಾತ್ರ ಹೇಳಿದಷ್ಟು ದಿನ ತಪ್ಪದೆ ಕೊಡಬೇಕು. ನೋವು ಕಡಿಮೆಯಾದರೆ ಮಾತ್ರ ಮೊಲ ತಿನ್ನುತ್ತದೆ.

ಗಾಯದ ಆರೈಕೆ

ಹೆಣ್ಣಿನಲ್ಲಿ ಗಾಯ ಹೊಟ್ಟೆಯ ನಡುವೆ, ಗಂಡಿನಲ್ಲಿ ಬೀಜದ ಚೀಲದ ಮೇಲೆ ಅಥವಾ ಅದರ ಮುಂದೆ ಇರುತ್ತದೆ. ಗಂಡಿನಲ್ಲಿ ಕೆಲವು ದಿನ ಸ್ವಲ್ಪ ಊತವಿರುವುದು ಸಹಜ. ಬೆಳಿಗ್ಗೆ, ಸಂಜೆ ಎರಡು ಸಲ ಗಾಯವನ್ನು ನೋಡಬೇಕು. ಅರಿಶಿನ, ಬೇವಿನೆಣ್ಣೆ, ಬೂದಿ ಯಾವುದನ್ನೂ ಹಚ್ಚಕೂಡದು. ಮೊಲ ಅದನ್ನು ನೆಕ್ಕುತ್ತದೆ, ಹೊಲಿಗೆಯನ್ನೂ ಕಚ್ಚುತ್ತದೆ. ಸ್ನಾನ ಮಾಡಿಸಕೂಡದು. ಮಳೆಗಾಲದಲ್ಲಿ ನೊಣ ಕೂತು ಗಾಯದಲ್ಲಿ ಹುಳ ಬೀಳುವ ಭಯವಿದೆ. ಗೂಡಿಗೆ ಸೊಳ್ಳೆಪರದೆ ಕಟ್ಟಿ, ಮೂತ್ರದಿಂದ ಒದ್ದೆಯಾದ ಬಟ್ಟೆಯನ್ನು ಆಗಾಗ್ಗೆ ಬದಲಾಯಿಸಬೇಕು.

ನಾಯಿಗಳಿಗೆ ಹಾಕುವಂತಹ ಕೊರಳಪಟ್ಟಿಯನ್ನು ವೈದ್ಯರು ಹೇಳಿದರೆ ಮಾತ್ರ ಹಾಕಬೇಕು. ಅದನ್ನು ಹಾಕಿದರೆ ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಿನ್ನಲಾರದು. ಹೆದರಿ ಆಹಾರವನ್ನೂ ಬಿಡಬಹುದು. ಹತ್ತು ದಿನಗಳವರೆಗೆ ಎತ್ತರಕ್ಕೆ ನೆಗೆಯಲು, ಮೆಟ್ಟಿಲು ಹತ್ತಲು ಬಿಡಕೂಡದು. ಹೊರ ಹೊಲಿಗೆಗಳಿದ್ದರೆ ವೈದ್ಯರು ಹೇಳಿದ ದಿನ ತೆಗೆಸಬೇಕು.

ಜೊತೆಯ ಮೊಲ

ಒಟ್ಟಿಗೆ ಬೆಳೆದ ಮೊಲಗಳನ್ನು ಪೂರ್ತಿಯಾಗಿ ದೂರ ಮಾಡಿದರೆ ಮತ್ತೆ ಸೇರಿಸುವಾಗ ಜಗಳವಾಡಬಹುದು. ಆದ್ದರಿಂದ ನಡುವೆ ತಂತಿಬಲೆ ಇಟ್ಟು ಪಕ್ಕಪಕ್ಕದಲ್ಲೇ ಇರಿಸುವುದು ಉತ್ತಮ. ಬೀಜ ತೆಗೆಸಿದ ಗಂಡನ್ನು ಅದೇ ವಾರ ಹೆಣ್ಣಿನ ಜೊತೆ ಬಿಡಕೂಡದು. ನಾಳಗಳಲ್ಲಿ ಉಳಿದ ವೀರ್ಯದಿಂದ ಅದು ನಾಲ್ಕರಿಂದ ಆರು ವಾರಗಳವರೆಗೆ ಗರ್ಭ ಕಟ್ಟಿಸಬಲ್ಲದು. ಚಿಕಿತ್ಸೆಯಾದ ಹೆಣ್ಣನ್ನೂ ಗಾಯ ಮಾಯುವವರೆಗೆ ಗಂಡಿನಿಂದ ಬೇರೆ ಇರಿಸಬೇಕು. ಗಂಡು ಮೇಲೇರಿದರೆ ಹೊಲಿಗೆ ಬಿಚ್ಚಬಹುದು.

ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕಾದ ಸಂದರ್ಭಗಳು

1. 24 ಗಂಟೆಗಳಾದರೂ ಹಿಕ್ಕೆ ಬೀಳದಿದ್ದರೆ.
2. ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿಯಾದರೆ.
3. ನೀರಿನಂತೆ ಭೇದಿಯಾದರೆ.
4. ಗಾಯದಿಂದ ರಕ್ತ ನಿಲ್ಲದೆ ಬಂದರೆ, ಕೀವು ಅಥವಾ ದುರ್ವಾಸನೆ ಕಂಡರೆ, ಹೊಲಿಗೆ ಬಿಟ್ಟರೆ.
5. ಮೈ ತಣ್ಣಗಾಗಿ ಮೊಲ ಪಕ್ಕಕ್ಕೆ ಒರಗಿದರೆ, ಬಾಯಿ ತೆರೆದು ಉಸಿರಾಡಿದರೆ.

ರಾತ್ರಿಯಾಯಿತು, ಬೆಳಿಗ್ಗೆ ನೋಡೋಣ ಎಂದು ಕಾಯುವುದು ಇಂತಹ ಸಂದರ್ಭಗಳಲ್ಲಿ ಸರಿಯಲ್ಲ.

ಮೊಲ ಸಾಧು ಪ್ರಾಣಿ. ತನ್ನ ಸಂಕಟವನ್ನು ಹೇಳಿಕೊಳ್ಳಲಾರದು. ಚಿಕಿತ್ಸೆಯ ಮುಂಚೆ ಹಸಿವಿನಿಂದಿರಿಸದೆ, ನಂತರ ತಿನ್ನುವುದನ್ನೂ ಹಿಕ್ಕೆ ಹಾಕುವುದನ್ನೂ ಹತ್ತಿರವಿದ್ದು ನೋಡಿಕೊಂಡರೆ ಬಹುಪಾಲು ಮೊಲಗಳು ಹತ್ತು ದಿನಗಳಲ್ಲಿ ಚೇತರಿಸಿಕೊಳ್ಳುತ್ತವೆ. ಮೊದಲ ಎರಡು ದಿನ ಗಾಯದ ಕಡೆಗೆ ಇಡುವಷ್ಟೇ ಗಮನವನ್ನು ಮೇವಿನ ಬಟ್ಟಲು ಮತ್ತು ಗೂಡಿನ ತಳದ ಕಡೆಗೂ ಇಡಬೇಕು.