ಪ್ರಯೋಗಾಲಯಕ್ಕೆ ಬರುವ ಕೆಲಸಗಾರರಿಗೆ ಅಪಾಯ ತಿಳಿಸುವುದು
ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಸುಣ್ಣ ಬಳಿಯಲು, ನಲ್ಲಿ ರಿಪೇರಿ ಮಾಡಲು ಬರುವವರಿಗೆ ಅಲ್ಲಿನ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಸಾವಯವ ಇಂಗಾಲ ಅಳೆಯಲು ಬಳಸುವ ಪ್ರಬಲ ಗಂಧಕಾಮ್ಲ ನೋಡಲು ನೀರಿನಂತೆಯೇ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅದರೊಡನೆ ಬಳಸುವ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ ವಿಷ.

ಬಾಗಿಲಿಗೆ ಇಂಗ್ಲಿಷ್ ಫಲಕ ತೂಗುಹಾಕಿದರೆ ಸಾಲದು. ಓದು ಬಾರದವರೂ ಬರುತ್ತಾರೆ. ಕೆಲಸಕ್ಕೆ ಮೊದಲು ಪ್ರಯೋಗಾಲಯದವರೊಬ್ಬರು ಜೊತೆಯಲ್ಲಿ ನಡೆದು, ಯಾವ ಸೀಸೆ ಮುಟ್ಟಬಾರದೆಂದು ಕೈತೋರಿಸಿ ಹೇಳಬೇಕು. ಹೇಳಿದ್ದನ್ನು ಅವರ ಬಾಯಿಂದಲೇ ಮತ್ತೆ ಹೇಳಿಸುವುದು ಮೇಲು. "ಆಗಲಿ ಸಾರ್" ಎಂದು ತಲೆಯಾಡಿಸಿದ ಮಾತ್ರಕ್ಕೆ ತಿಳಿಯಿತೆಂದಲ್ಲ.

ಸಿಂಕಿನ ಕೆಳಗಿನ ಬಾಗು ಕೊಳವೆಯಲ್ಲಿ ಆಮ್ಲ ನಿಂತಿರಬಹುದು. ರಬ್ಬರ್ ಕೈಗವಸು, ರಕ್ಷಣಾ ಕನ್ನಡಕ ಕೊಡದೆ ಬಿಚ್ಚಗೊಡಬಾರದು. ಮೈಗೆ ಬಿದ್ದರೆ ತಕ್ಷಣ ಬಟ್ಟೆ ಕಳಚಿಸಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.